ಎಲ್ಲರೆದುರು ಕೊಟ್ಟ ಚೆಕ್ಕು

ತಮ್ಮಾ ಲೆವೋನ್, ಗೋರಿಯೊಳಗೆ ಮಲಗಿದವನೇ, ಎದ್ದು ಕೇಳು!

ಇಂದು ಅಲಬಾಮಾದ ನಮ್ಮ ಕಾಲೇಜು ಮೈದಾನದಲ್ಲಿ ಬ್ಯಾಂಡು ಮೊಳಗುತ್ತಿರಲು, ಕಾರು ವ್ಯಾಪಾರಿ ಹ್ಯಾಸ್ಕೆಲ್ ಹೊಸ ಆಟಗಾರ ಡೆಶಾನ್‌ಗೆ ಎಲ್ಲರೆದುರೇ ಚೆಕ್ಕು ಕೊಟ್ಟ. ಕಾಲೇಜು ಆಟಗಾರರು ಹಣ ಪಡೆಯಬಾರದೆಂಬ ನಿಯಮವೇ ಈಗ ಬದಲಾಗಿದೆಯಪ್ಪಾ! ಜನಸಾಗರವೇ ಎದ್ದು ಚಪ್ಪಾಳೆ ತಟ್ಟಿತು. ಆಹಾ, ಎಂಥ ದೃಶ್ಯ!

ಇದೇ ಹ್ಯಾಸ್ಕೆಲ್ ಅಂದು ಆಟ ಮುಗಿದಾಗಲೆಲ್ಲ ಕೈಕುಲುಕುವ ನೆಪದಲ್ಲಿ ನಿನ್ನ ಅಂಗೈಗೆ ಮಡಚಿದ ನೋಟು ತುರುಕುತ್ತಿದ್ದ. ಅದಕ್ಕೇ ಅಲ್ಲವೇ ನಿನ್ನನ್ನು ತಂಡದಿಂದ ಓಡಿಸಿದ್ದು?

ಡೆಶಾನ್ ಚೆಕ್ಕನ್ನು ತನ್ನ ಅಜ್ಜಿಗೆ ಕೊಟ್ಟ. ಅಜ್ಜಿ ಗಬಕ್ಕನೆ ಎದೆಯ ಬಳಿ ಅಂಗಿಯೊಳಗೆ ಅಡಗಿಸಿದಳು. ಮೈಕು ಹತ್ತಿರವೇ ಇತ್ತು.

"ಅಜ್ಜೀ, ಯಾಕೆ ಮುಚ್ಚಿಡ್ತೀಯೇ? ಎತ್ತಿ ತೋರ್ಸು!"

"ಮೆತ್ತಗೆ ಮಾತಾಡೋ, ಪೆದ್ದೇ! ಯಾರಾದ್ರೂ ನೋಡ್ತಾರೆ!"

ಮೈದಾನಕ್ಕೆ ಮೈದಾನವೇ ನಕ್ಕಿತು. ನನ್ನ ಪಕ್ಕದಲ್ಲಿದ್ದ ನಮ್ಮಮ್ಮ ಮಾತ್ರ ನಗಲಿಲ್ಲ. ಅವಳ ಕೈ ತಾನಾಗಿಯೇ ತನ್ನ ಎದೆಗೆ, ನಿನ್ನ ನೋಟುಗಳನ್ನು ಅಡಗಿಸುತ್ತಿದ್ದ ಜಾಗಕ್ಕೆ ಹೋಗಿತ್ತು.