ತೂತಿಲ್ಲದ ಹೋಳು

ಮಂಗಳವಾರ, ಮಾರ್ಚ್ 12

ಕೆಟ್ಟು ನಿಂತ ಬಸ್ಸಿನ ಎಂಜಿನ್ನನ್ನು ಅದನ್ನು ಓಡಿಸುತ್ತಿದ್ದ ಡ್ರೈವರಣ್ಣನ ಎದುರಿಗೇ ಡಿಪೋದ ಮೇಲಿನವರು ಬಿಚ್ಚಿಸುತ್ತೇವೆ ಎಂದಿದ್ದರು. ಅವನನ್ನು ಡಿಪೋ ಗೇಟಿನ ಆಚೆಗೇ ನಿಲ್ಲಿಸಿದರು. ಕಾರಣ ತಿಳಿಯುವವರೆಗೆ ವರದಿ ಬರೆಯುವುದಿಲ್ಲ ಎಂದಿದ್ದರು. ನಾನು ಮೊದಲ ಬೋಲ್ಟು ಸಡಿಲಿಸುವ ಹೊತ್ತಿಗೆ ವರದಿಗೆ ಸೀಲು ಬಿದ್ದಿತ್ತು: ಆಯಿಲ್ ನೋಡದೆ ಓಡಿಸಿದ್ದಾನೆ, ಕೆಲಸದಿಂದ ತೆಗೆಯಿರಿ.

"ಇನ್ನು ಬಿಚ್ಚಿ ಏನು ಹುಡುಕ್ತೀಯಪ್ಪಾ?" ಎಂದ ಮ್ಯಾನೇಜರ್.

"ಆಯಿಲ್ ಸಾರ್. ಬಕೆಟ್ ತುಂಬಾ ಇಳಿದಿದೆ. ಕೈ ಅದ್ದಿ ನೋಡಿ."

ಅದ್ದಲಿಲ್ಲ. ತೋಳಿನ ಇಸ್ತ್ರಿ ಕೆಟ್ಟೀತಲ್ಲ!

ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ದಂಡವನ್ನು ಹೊತ್ತಿರುವ ಒಂದೊಂದು ಬೇರಿಂಗೂ ಎರಡು ಹೋಳು. ತೂತಿರುವ ಹೋಳು ಮೇಲೆ ಕೂರಬೇಕು, ಆಯಿಲ್ ಇಳಿಯುವುದೇ ಅಲ್ಲಿಂದ. ಮೂರನೆಯ ಬೇರಿಂಗಿನಲ್ಲಿ ತೂತಿಲ್ಲದ್ದು ಮೇಲೆ ಕೂತಿತ್ತು. ಸುಟ್ಟು ಕರಕಲಾಗದೆ ಇನ್ನೇನಾದೀತು? ಹೋದ ತಿಂಗಳು ನಮ್ಮನ್ನೆಲ್ಲ ದೂರವಿಟ್ಟು, ಈ ಮ್ಯಾನೇಜರ್ ಮಹಾಶಯ ಹೊರಗಿಂದ ಕರೆಸಿದ 'ತಜ್ಞರು' ಜೋಡಿಸಿದ ಎಂಜಿನ್ ಇದು.

ತೋರಿಸಿದೆ. ಅವನಿಗೆ ಅರ್ಥವಾಯಿತು, ಮುಖವೇ ಹೇಳಿತು. "ಅದನ್ನ ಗುಜರಿಗೆ ಎಸೆದುಬಿಡು," ಎಂದ. ಥೂ! ಇಪ್ಪತ್ತೆರಡು ವರ್ಷ ಸ್ಟೀರಿಂಗ್ ಹಿಡಿದವನ ಅನ್ನವನ್ನೂ ಅದರ ಜೊತೆಗೇ ಎಸೆಯಬೇಕಂತೆ.

ಎಸೆಯಲಿಲ್ಲ, ಆ ಹೋಳನ್ನು ಊಟದ ಡಬ್ಬಿಯಲ್ಲಿಟ್ಟು ಮನೆಗೆ ತಂದೆ. "ಏನ್ರೀ ಇದು, ಸೋಪು ಹಾಕಿ ತಿಕ್ತಾ ಇದ್ದೆನಲ್ಲ!" ಎಂದಳು ಹೆಂಡತಿ. ಕಿತ್ತುಕೊಂಡೆ. ಆ ಮಸಿಯೇ ಸಾಕ್ಷಿ.

ಡ್ರೈವರಣ್ಣನಿಗೆ ಫೋನ್ ಮಾಡಿ ಹೇಳಿದೆ. "ನಾನೇ ಏನೋ ತಪ್ಪು ಮಾಡಿದೆ ಅಂದ್ಕೊಂಡಿದ್ದೆ ಕಣೋ," ಎಂದ. ನನ್ನ ಹೊಟ್ಟೆ ಉರಿಯುತ್ತಿರುವುದು ಇದಕ್ಕೇ. ಆ ನಾಲಾಯಕ್ಕುಗಳ ಸುಳ್ಳನ್ನು ಇವನೂ ನಂಬಿಬಿಟ್ಟಿದ್ದ.

ಅವನನ್ನು ಕೆಲಸದಿಂದ ತೆಗೆಯುವ ವಿಚಾರಣೆ ಗುರುವಾರ ಬೆಳಿಗ್ಗೆ ಹತ್ತಕ್ಕೆ. ನಮ್ಮ ನೌಕರರ ಸಂಘದವರೆಲ್ಲ ಈ ಹೋಳು ಹಿಡಿದು ಡಿಪೋ ಗೇಟಿನ ಮುಂದೆ ಸೇರುವುದು ಒಂಬತ್ತಕ್ಕೆ.