ನಲವತ್ತು ನಿಮಿಷದ ಪ್ರಶಸ್ತಿ, ಐದೂವರೆ ಗಂಟೆಯ ನೋಟಿಸು

ಕೆಲಸದ ಗುರಿಗಳನ್ನು ನಿಗದಿಪಡಿಸುವ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಒಂದೇ ಕಾರ್ಖಾನೆಯನ್ನು ನಾನು ಎರಡು ಸಲ ತಪಾಸಣೆ ಮಾಡಿದೆ. ಮೊದಲ ಸಲ ನಲವತ್ತು ನಿಮಿಷದಲ್ಲಿ ಮುಗಿಸಿದ್ದಕ್ಕೆ ತಾವು ಪ್ರಶಸ್ತಿ ಪತ್ರ ಕೊಟ್ಟಿರಿ. ಎರಡನೆಯ ಸಲ ಐದೂವರೆ ಗಂಟೆ ತೆಗೆದುಕೊಂಡದ್ದಕ್ಕೆ ಕಾರಣ ಕೇಳಿ ನೋಟಿಸು ಕೊಟ್ಟಿದ್ದೀರಿ. ಏಳು ದಿನದೊಳಗೆ ಉತ್ತರಿಸದಿದ್ದರೆ ತಪಾಸಣೆಯ ಕೆಲಸದಿಂದ ಕಿತ್ತು ಕಡತ ವಿಭಾಗಕ್ಕೆ ಹಾಕುವುದಾಗಿಯೂ ಬರೆದಿದ್ದೀರಿ. ಉತ್ತರ ಇದೇ. ಪತ್ರಿಕೆಯಲ್ಲಿ ಎಲ್ಲರೆದುರು ಯಾಕೆ ಬರೆಯುತ್ತಿದ್ದೇನೆಂದರೆ, ಈ ಗುರಿಗಳ ಬಗ್ಗೆ ಹಿಂದೆ ಕಳಿಸಿದ ಮೂರು ಪತ್ರಗಳು ತಮ್ಮ ಯಾವ ಮೇಜಿನ ಮೇಲೆ ಸುಖವಾಗಿ ಮಲಗಿವೆಯೋ ನನಗೆ ಗೊತ್ತಿಲ್ಲ.

ನನ್ನ ಕೆಲಸ ಏನೆಂದು ಓದುಗರಿಗೆ ಹೇಳಿಬಿಡುತ್ತೇನೆ, ತಾವೂ ಓದಿಕೊಳ್ಳಬಹುದು. ಆಸ್ಪತ್ರೆ, ಕಾರ್ಖಾನೆಗಳಲ್ಲಿ ವಿಕಿರಣ ಸೂಸುವ ವಸ್ತುಗಳಿರುತ್ತವೆ. ಅವು ದಾಖಲೆಯಲ್ಲಿದ್ದಷ್ಟೇ ಇವೆಯೇ, ಇರಬೇಕಾದ ಕಡೆಯೇ ಇವೆಯೇ, ಮುಚ್ಚಳ ಭದ್ರವಾಗಿದೆಯೇ ಎಂದು ಮೀಟರು ಹಿಡಿದು ನೋಡುವವನು ನಾನು. ಹತ್ತೊಂಬತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ತಮ್ಮ ಗುರಿ ಪುಸ್ತಕದ ಪ್ರಕಾರ ಇಂಥ ತಪಾಸಣೆ ತಿಂಗಳಿಗೆ ನಲವತ್ತು ಆಗಬೇಕು. ನಾನೂರಹನ್ನೆರಡು ಪುಟದ ಆ ಪುಸ್ತಕದಲ್ಲಿ ನಮಸ್ಕಾರ ಹೇಳಲು ಒಂದು ನಿಮಿಷ, ಸಹಿ ಹಾಕಲು ಎರಡು ನಿಮಿಷ ದಯಪಾಲಿಸಿದ್ದೀರಿ. ಬೀಗದ ಕೈ ಹುಡುಕಲು ಸೊನ್ನೆ. ಮಾನ್ಯರೇ, ತಾವು ಯಾವತ್ತಾದರೂ ಒಂದು ಕಾರ್ಖಾನೆಯ ಉಗ್ರಾಣಕ್ಕೆ ಹೋಗಿದ್ದೀರಾ? ಬೀಗದ ಕೈ ಇರುವವರು ಊಟಕ್ಕೆ ಹೋಗಿರುತ್ತಾರೆ. ಊಟ ಮುಗಿಸಿ ಬಂದ ಮೇಲೆ ಅದು ಇನ್ನೊಬ್ಬರ ಹತ್ತಿರ ಇದೆಯೆಂದು ಅವರಿಗೆ ನೆನಪಾಗುತ್ತದೆ. ಆ ಇನ್ನೊಬ್ಬರು ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿರುತ್ತಾರೆ.

ಈಗ ಆ ಕಾರ್ಖಾನೆಯ ವಿಷಯ. ಅಲ್ಲಿ ಬಣ್ಣ ತಯಾರಿಸುತ್ತಾರೆ. ತೊಟ್ಟಿಯಲ್ಲಿ ಬಣ್ಣ ಎಷ್ಟಿದೆ ಎಂದು ಅಳೆಯುವ ಹಳೆಯ ಉಪಕರಣವೊಂದಿತ್ತು. ದಪ್ಪ ಕಬ್ಬಿಣದ ಡಬ್ಬಿ, ಒಳಗೆ ಸೀಸದ ಕವಚ, ಅದರೊಳಗೆ ಚಿಟಿಕೆಯಷ್ಟು ವಿಕಿರಣ ವಸ್ತು. ಬಳಕೆ ನಿಂತ ಮೇಲೆ ಅದನ್ನು ಉಗ್ರಾಣದ ಕಪಾಟಿನಲ್ಲಿಟ್ಟು ಬೀಗ ಹಾಕಲಾಗಿದೆ ಎಂದು ದಾಖಲೆ ಹೇಳುತ್ತಿತ್ತು. ಹೋದ ವರ್ಷ ನಾನು ಹೋದಾಗ ಬೀಗದ ಕೈ ಸಿಗಲಿಲ್ಲ. ಅದು ಆ ದಿನದ ಎರಡನೆಯ ತಪಾಸಣೆ, ಮೂರನೆಯದು ಕಾಯುತ್ತಿತ್ತು. ಕಪಾಟಿನ ಹೊರಗಿನಿಂದಲೇ ಮೀಟರು ಹಿಡಿದೆ. ಸದ್ದೇ ಇಲ್ಲ. ‘ಭದ್ರವಾಗಿದೆ’ ಎಂದು ಸಹಿ ಜಡಿದು ಓಡಿದೆ. ಪ್ರಶಸ್ತಿ ಬಂತು. ಹೆಂಡತಿ ಅದಕ್ಕೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದಳು.

ಈ ವರ್ಷ ಮತ್ತೆ ಅಲ್ಲಿಗೆ ಹೋಗುವಾಗ ಬಸ್ಸಿನಲ್ಲಿ ಆ ಸದ್ದಿಲ್ಲದ ಕಪಾಟು ನೆನಪಾಗಿ ಕೂತಲ್ಲೇ ಬೆವರಿದೆ. ಮುಚ್ಚಿದ ಉಪಕರಣವೇ ಆದರೂ ಹತ್ತಿರ ಹಿಡಿದರೆ ಮೀಟರು ಒಂದಿಷ್ಟಾದರೂ ಚಟಚಟ ಎನ್ನಬೇಕು. ಏನೂ ಅನ್ನಲಿಲ್ಲವೆಂದರೆ ಅಲ್ಲಿ ಏನೂ ಇರಲಿಲ್ಲ. ಇದನ್ನು ತರಬೇತಿಯ ಮೊದಲ ದಿನವೇ ಕಲಿಸುತ್ತಾರೆ. ಓಡುವವನಿಗೆ ಮರೆತುಹೋಗುತ್ತದೆ.

ಈ ಸಲ ಬೀಗದ ಕೈ ಬರುವ ತನಕ ಜಾಗ ಬಿಟ್ಟು ಕದಲಲಿಲ್ಲ. ಕಪಾಟು ತೆರೆದರೆ ಒಳಗೆ ಮುರಿದ ಕೊಡೆಯೊಂದಿತ್ತು. ಉಗ್ರಾಣ, ಗುಜರಿ ರಾಶಿ, ಲಾರಿ ನಿಲ್ಲುವ ಜಾಗ ಎಲ್ಲ ಜಾಲಾಡಿದೆ. ಕಾಲು ಸೋತು, ಒಂದು ಲೋಟ ಚಹಾ ಕುಡಿಯೋಣವೆಂದು ಕ್ಯಾಂಟೀನಿಗೆ ಹೋದೆ. ಹೊಸ್ತಿಲು ದಾಟುತ್ತಿದ್ದಂತೆ ಕೈಯಲ್ಲಿದ್ದ ಮೀಟರು ಚಟಚಟ ಎಂದಿತು. ಬಾಗಿಲಿಗೆ ಒತ್ತಾಗಿ ಹಸಿರು ಡಬ್ಬಿಯೊಂದು ಕೂತಿತ್ತು. ಉಗ್ರಾಣಕ್ಕೆ ಬಣ್ಣ ಹೊಡೆಯುವಾಗ ಹೊರಗಿಟ್ಟಿದ್ದರಂತೆ. ಬಣ್ಣದ ಕಾರ್ಖಾನೆ ನೋಡಿ, ಬಣ್ಣಕ್ಕೇನು ಬರ? ಎಚ್ಚರಿಕೆಯ ಫಲಕದ ಸಮೇತ ಅದಕ್ಕೂ ಎರಡು ಕೋಟು ಬಳಿದುಬಿಟ್ಟಿದ್ದರು. ಕ್ಯಾಂಟೀನು ನಡೆಸುವ ಅಕ್ಕ ಅದರ ಮೇಲೆ ಕಾಲು ಚಾಚಿಕೊಂಡು ಈರುಳ್ಳಿ ಹೆಚ್ಚುತ್ತಿದ್ದರು.

“ಬಾಗಿಲು ಗಾಳಿಗೆ ಬಡ್ಕೋತಿತ್ತು ಸಾರ್. ಒಂದೂವರೆ ವರ್ಷದಿಂದ ಇದನ್ನೇ ಅಡ್ಡ ಇಟ್ಟಿದೀನಿ, ಒಳ್ಳೆ ಭಾರ ಇದೆ,” ಅಂದರು. ಆಮೇಲೆ ನನ್ನ ಮುಖ ದಿಟ್ಟಿಸಿ ನೋಡಿದರು. “ಹೋದ ಸಲಾನೂ ನೀವೇ ಅಲ್ವಾ ಬಂದಿದ್ದು? ಚಹಾ ಕುಡ್ಕೊಂಡು ಹೋಗಿ ಅಂದ್ರೆ, ಟೈಮಿಲ್ಲ ಅಂತ ಓಡಿದ್ರಿ.”

ಮಾನ್ಯರೇ, ಆ ಚಹಾ ಕುಡಿದಿದ್ದರೆ ಡಬ್ಬಿ ಅಂದೇ ಸಿಕ್ಕಿಬಿಡುತ್ತಿತ್ತು. ತಮ್ಮ ಪುಸ್ತಕದಲ್ಲಿ ಚಹಾಕ್ಕೂ ಸೊನ್ನೆ. ಒಳಗಿನ ಮುಚ್ಚಳ ಮುಚ್ಚಿಯೇ ಇದ್ದದ್ದು ನಮ್ಮೆಲ್ಲರ ಪುಣ್ಯ. ಆದರೂ ಅಕ್ಕನನ್ನು ಆಸ್ಪತ್ರೆಯ ಪರೀಕ್ಷೆಗೆ ಕಳಿಸಿದೆವು. ವರದಿ ಬರಲು ಹನ್ನೊಂದು ದಿನ ಬೇಕಾಯಿತು. ಅಷ್ಟೂ ದಿನ ನನಗೆ ಅನ್ನ ಸೇರಲಿಲ್ಲ, ನಡುಮನೆಯ ಆ ಗೋಡೆಯ ಕಡೆ ತಲೆ ಎತ್ತಿ ನೋಡಲು ಹೆದರಿಕೆ. ಅಕ್ಕನಿಗೆ ಏನೂ ತೊಂದರೆಯಿಲ್ಲ ಎಂಬ ವರದಿ ಬಂದ ದಿನವೇ ತಮ್ಮ ನೋಟಿಸೂ ಬಂತು. ಹೆಂಡತಿ ಎರಡನ್ನೂ ಓದಿ, “ಇದ್ಯಾವ ಸೀಮೆ ಆಫೀಸು ರೀ ನಿಮ್ದು?” ಅಂದಳು. ಆ ಪ್ರಶ್ನೆಯನ್ನು ಹಾಗೆಯೇ ತಮಗೆ ದಾಟಿಸುತ್ತಿದ್ದೇನೆ. ಉತ್ತರ ತೋಚಿದರೆ ತಿಳಿಸಿ.

ಗುರಿಯೇ ಬೇಡವೆನ್ನುವ ಮೈಗಳ್ಳ ನಾನಲ್ಲ. ಇಡಿ, ಧಾರಾಳವಾಗಿ ಇಡಿ. ಎಷ್ಟು ಕಡೆ ಹೋದೆವು ಎನ್ನುವುದರ ಜತೆಗೆ ಎಷ್ಟು ಕಪಾಟು ತೆರೆಸಿ ನೋಡಿದೆವು ಎಂದೂ ಕೇಳಿ. ಅದಕ್ಕೆ ಮೊದಲು ಒಂದೇ ಒಂದು ದಿನ ನನ್ನ ಜತೆ ಬನ್ನಿ. ಬೀಗದ ಕೈಗಾಗಿ ಇಬ್ಬರೂ ಕೂತು ಕಾಯೋಣ. ಹೋದ ವರ್ಷದ ಸುಳ್ಳು ಸಹಿ ನನ್ನದೇ. ಅದಕ್ಕೆ ಶಿಕ್ಷೆ ಕೊಟ್ಟರೆ ತಲೆ ಬಾಗಿಸುತ್ತೇನೆ. ಐದೂವರೆ ಗಂಟೆಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಆ ನೋಟಿಸು ವಾಪಸು ತೆಗೆದುಕೊಳ್ಳಿ. ಪ್ರಶಸ್ತಿ ಪತ್ರವನ್ನೂ ಚೌಕಟ್ಟಿನ ಸಮೇತ ಕಳಿಸಿದ್ದೇನೆ, ಅದನ್ನೂ ಇಟ್ಟುಕೊಳ್ಳಿ.

ಗುರಿ ಪುಸ್ತಕವನ್ನು ಮಾತ್ರ ಹಿಂದಿರುಗಿಸಲಾರೆ. ಡಬ್ಬಿಯನ್ನು ಅಲ್ಲಿಂದ ಸಾಗಿಸುವಾಗ ಅಕ್ಕ, “ಬಾಗಿಲಿಗೆ ಇನ್ನೇನಿಡ್ಲಿ ಸಾರ್?” ಅಂದರು. ಚೀಲದಲ್ಲಿ ಅದಿತ್ತು, ಕೊಟ್ಟು ಬಂದೆ. ಬಾಗಿಲು ಈಗ ಬಡಿದುಕೊಳ್ಳುವುದಿಲ್ಲವಂತೆ.

ಇಂತಿ,
ಚಹಾ ಬೇಡವೆಂದು ಓಡಿ ಪ್ರಶಸ್ತಿ ಗೆದ್ದ
ತಮ್ಮ ತಪಾಸಣಾಧಿಕಾರಿ