ಇಸ್ಮಾಯಿಲಸಾಬರ ಎಡಗಾಲು

ನವೆಂಬರ್ 6, ಬೆಳಿಗ್ಗೆ 7

ಪಿಕಪ್‌ಗೆ ಹಿಂಡಿ ಚೀಲ ಏರಿಸುತ್ತಿದ್ದಾರೆ. ನಿನ್ನೆ ನರಗುಂದ, ಇವತ್ತು ಗಜೇಂದ್ರಗಡ. ಸಕ್ಕರೆ ಹಾಕದ ತಮ್ಮ ಚಹಾ ಕುಡಿಯುತ್ತ ಇಸ್ಮಾಯಿಲಸಾಬರು ಹೇಳಿದರು: ಗಾಡಿಯಲ್ಲಿ ರಬ್ಬರ್ ಸುಟ್ಟ ವಾಸನೆ. ನರಗುಂದದ ಸಪಾಟು ರಸ್ತೆಯಲ್ಲಿ ಇಲ್ಲ. ಗಜೇಂದ್ರಗಡದ ಏರಿನಲ್ಲಿ ಮಾತ್ರ, ಅದೂ ಲೋಡ್ ಇದ್ದಾಗ.

ನಮ್ಮ ಎಣ್ಣೆ ಮಿಲ್ಲಿನ ಗಾಡಿಯನ್ನು ಇಪ್ಪತ್ತೆರಡು ವರ್ಷದಿಂದ ಓಡಿಸುತ್ತಿದ್ದಾರೆ. ಕೇಳಿಸಿಕೊಳ್ಳಬೇಕಾದ ಮಾತು. ಅಮೋಘಸಿದ್ದ ಪೇಪರಿನಿಂದ ತಲೆ ಎತ್ತಲಿಲ್ಲ. (ಗಂಡನ ಹೆಸರು ಈ ಪುಟಗಳಲ್ಲಿ ಮಾತ್ರ. ಬಾಯಲ್ಲಿ 'ಇವರು', ಬರೆಯುವಾಗಲೂ ಬಹುಪಾಲು ಅದೇ.)

ನವೆಂಬರ್ 8

ಗಾಡಿ ಖಾಲಿ ಮಾಡಿ ಬಾಬುಸಾಬನ ಗ್ಯಾರೇಜಿಗೆ. ಬೆಲ್ಟ್ ನೋಡಿದ, ಬ್ರೇಕ್ ನೋಡಿದ, ಟೈರ್ ಎಲ್ಲಾದರೂ ಉಜ್ಜುತ್ತಿದೆಯೇ ಎಂದು ಕೆಳಗೆ ಮಲಗಿ ನೋಡಿದ. ಎಲ್ಲ ಸರಿ. ಹಾಗಾದರೆ ಕ್ಲಚ್. ಕಾಲು ಪೂರ್ತಿ ಎತ್ತದೆ ಪೆಡಲ್ ಮೇಲೇ ಇಟ್ಟರೆ ಪ್ಲೇಟ್ ಉಜ್ಜಿ ಹೀಗೇ ನಾರುತ್ತದಂತೆ. ಬಿಚ್ಚಿದ ಮೇಲೆ ಪ್ಲೇಟ್ ತೋರಿಸಿದ.

"ಸವದೈತಿ ಖರೇ. ಸುಟ್ಟಿಲ್ಲ."

ಇವರಿಗೆ ಮೊದಲ ಅರ್ಧವಷ್ಟೇ ಕೇಳಿಸಿತು. ಹೊಸ ಪ್ಲೇಟ್ ಹಾಕಿಸಿದರು.

ನವೆಂಬರ್ 13, ಮಧ್ಯಾಹ್ನ

ವಾಸನೆ ಹೋಗಲಿಲ್ಲ. ಇಸ್ಮಾಯಿಲಸಾಬರೇ ಬಂದು ಹೇಳಿದರು. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ.

ಇವರು ಅವರನ್ನು ಅಂಗಳದಲ್ಲಿ, ಹಮಾಲರ ನಡುವೆ, ಚೀಲದ ಮೇಲೆ ಕೂರಿಸಿದರು. ಎಡಗಾಲಿನ ಚಪ್ಪಲಿ ಬಿಡಿಸಿದರು. ಚೀಲ ಹೊಲಿಯುವ ದಬ್ಬಳ ತರಿಸಿದರು.

"ಕಣ್ಣ ಮುಚ್ಚರಿ ಸಾಬ್ರ. ಚುಚ್ಚಿದಾಗ ಹ್ಞೂಂ ಅನ್ರಿ."

ಆಟವೆಂದು ತಿಳಿದು ಅವರೂ ಕಣ್ಣು ಮುಚ್ಚಿದರು. ಎರಡು ಸಲ ಸರಿಯಾಗಿ ಹ್ಞೂಂ ಎಂದರು. ಮೂರನೆಯ ಸಲ ಇವರು ದಬ್ಬಳ ಮುಟ್ಟಿಸಲೇ ಇಲ್ಲ, ಸುಮ್ಮನೆ ಕಾಯ್ದರು. ಪಾಪ, ಕಾಯ್ದು ಕಾಯ್ದು ಹ್ಞೂಂ ಎಂದುಬಿಟ್ಟರು. ಹಮಾಲರೆಲ್ಲ ನಕ್ಕರು.

"ಸಕ್ಕರಿ ಬ್ಯಾನಿ ನಿಮ್ಮ ಕಾಲು ತಿಂದೈತಿ. ಕ್ಲಚ್ಚಿನ ಮ್ಯಾಲ ಕಾಲು ಐತ್ಯೋ ಇಲ್ಲೋ ನಿಮಗ ಗೊತ್ತಾಗವಲ್ದು. ನಾಳಿಂದ ಬರಬ್ಯಾಡ್ರಿ."

ಇಸ್ಮಾಯಿಲಸಾಬರು ಗಾಡಿಯ ಕೀಲಿಯನ್ನು ತಕ್ಕಡಿಯ ಮೇಲಿಟ್ಟು ಹೋದರು. ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ.

ನಾನು ಕಿಟಕಿಯಲ್ಲಿದ್ದೆ. ಕೈಯಲ್ಲಿ ಕವನ ಸಂಕಲನ. ನಕ್ಕೆನೇ? ನೆನಪಿಲ್ಲ ಎಂದು ಬರೆಯಬಹುದು. ನಕ್ಕೆ.

ನವೆಂಬರ್ 18, ಸಂಜೆ

ಹೊಸ ಡ್ರೈವರ್ ದ್ಯಾಮೇಶ. ಅಂಗಡಿಗಳನ್ನು ತೋರಿಸಲು ಅವನ ಜೊತೆ ಗಜೇಂದ್ರಗಡಕ್ಕೆ ನಾನೇ ಹೋದೆ. ಏರು ಶುರುವಾದದ್ದೇ — ವಾಸನೆ. ಅವನ ಎಡಗಾಲು ನೋಡಿದೆ. ಪೆಡಲ್‌ನಿಂದ ಗೇಣು ದೂರ ಇತ್ತು.

ಗಾಡಿ ನಿಲ್ಲಿಸಲು ಹೇಳಿದೆ. ಅವನು ಫೋನಿನಲ್ಲಿ ಮಾತಾಡುತ್ತ ಅತ್ತ ಹೋದ. ಹಿಂದಿನ ಚಕ್ರದ ಬಳಿ ಬಗ್ಗಿದೆ. ಸೈಲೆನ್ಸರಿಗೆ ಅಂಟಿಕೊಂಡು ಹೊಗೆಯಾಡುತ್ತಿತ್ತು ಒಂದು ಚಪ್ಪಲಿ. ನೀಲಿ ಪಟ್ಟಿಯ ಹವಾಯಿ. ನನ್ನದು.

ಇದನ್ನು ಇಲ್ಲಿಯೂ ಬರೆದಿರಲಿಲ್ಲ. ದೀಪಾವಳಿ ಅಮಾವಾಸ್ಯೆಯಂದು ಕಟ್ಟಿದ್ದು. ಹಿಂದಿನ ವಾರ ಅಸೂಟಿಯ ತಿರುವಿನಲ್ಲಿ ಗಾಡಿ ಪಲ್ಟಿಯಾಗುವುದು ಸ್ವಲ್ಪದರಲ್ಲಿ ತಪ್ಪಿತ್ತು, ಇವರು ಒಳಗಿದ್ದರು. ಹೆದರಿದ್ದೆ. ದೃಷ್ಟಿಗೆ ಹಳೆ ಚಪ್ಪಲಿ ಕಟ್ಟುವವರನ್ನು ಕಂಡು ಎಂ.ಎ. ಓದುವಾಗಿನಿಂದ ನಕ್ಕವಳು ನಾನು. ಬಂಪರಿಗೆ ಕಟ್ಟಿದರೆ ಎಲ್ಲರಿಗೂ ಕಾಣುತ್ತದೆ. ಅದಕ್ಕೇ ಒಳಗೆ, ಚಕ್ರದ ಪಕ್ಕದ ಕಮಾನು ಪಟ್ಟಿಯ ಸ್ಪ್ರಿಂಗಿಗೆ ಬಿಗಿದೆ. ಲೋಡ್ ಬಿದ್ದು ಏರಿನಲ್ಲಿ ಭಾರ ಹಿಂದಕ್ಕೆ ಜಗ್ಗಿದಾಗ ಸೈಲೆನ್ಸರ್ ಇಳಿದು ಅದರ ಮೇಲೆ ಕೂರುತ್ತದೆ. ಖಾಲಿ ಗಾಡಿಯಲ್ಲಿ ಮುಟ್ಟುವುದಿಲ್ಲ.

ಕೆಳಗೆ ಮಲಗಿದ ಬಾಬುಸಾಬನಿಗೆ ಕಂಡಿರಬೇಕು. ಇಸ್ಮಾಯಿಲಸಾಬರಿಗೂ. ಆದರೆ ದೃಷ್ಟಿಗೆ ಕಟ್ಟಿದ್ದನ್ನು ಯಾರೂ ಮುಟ್ಟುವುದಿಲ್ಲ, ದಿಟ್ಟಿಸುವುದೂ ಇಲ್ಲ. ಮುಟ್ಟಿದವರಿಗೆ ಹತ್ತುತ್ತದೆ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡುತ್ತಾರೆ.

ಸೆರಗಿನಲ್ಲಿ ಹಿಡಿದು ಕಿತ್ತೆ. ಜಾಲಿ ಪೊದೆಗೆ ಎಸೆದೆ. ಏನ್ರಿ ಅಕ್ಕಾರ ಎಂದು ದ್ಯಾಮೇಶ ಕೇಳಿದ. ಏನಿಲ್ಲ ಎಂದೆ.

ನವೆಂಬರ್ 20

ವಾಸನೆ ಇಲ್ಲ. ಊಟಕ್ಕೆ ಕೂತಾಗ ಇವರು: "ನೋಡಿದ್ಯಾ? ಕಾಲು ಬದ್ಲಾತು, ವಾಸನಿ ಹೋತು."

ಇನ್ನೊಂದು ರೊಟ್ಟಿ ಬಡಿಸಿದೆ. ಹೇಳಬೇಕೆಂದೇ ಕೂತಿದ್ದೆ. ಹೇಳಿದರೆ ಇವರು ನಗುತ್ತಾರೆ — ಎಂ.ಎ. ಓದಿದವಳ ಚಪ್ಪಲಿ! ವರ್ಷಗಟ್ಟಲೆ ನಗುತ್ತಾರೆ. ಒಬ್ಬ ಮನುಷ್ಯನ ಅನ್ನದ ಎದುರು ನನ್ನ ಈ ಅಂಜಿಕೆ ಎಷ್ಟು ಸಣ್ಣದು ಎಂದು ಗೊತ್ತು. ಗೊತ್ತಿದ್ದರೂ ತುಪ್ಪ ಹಾಕಿದೆ.

ಡಿಸೆಂಬರ್ 9

ಇಸ್ಮಾಯಿಲಸಾಬರ ಹೆಂಡತಿ ಮಾಬೂಬಿ ಎಣ್ಣೆಗೆ ಬಂದಿದ್ದಳು. ಕೇಳದೆಯೇ ಹೇಳಿದಳು. ಗಂಡ ಅಬ್ಬಿಗೇರಿಯಲ್ಲಿ ಕೆಲಸ ಕೇಳಿದರಂತೆ, ನರಗುಂದದಲ್ಲಿ ಕೇಳಿದರಂತೆ. ಜೀವ ಇಲ್ಲದ ಕಾಲಿನವನಿಗೆ ಯಾರು ಗಾಡಿ ಕೊಡುತ್ತಾರೆ? ಹಮಾಲರು ದಬ್ಬಳದ ಕಥೆಯನ್ನು ಎಲ್ಲ ಕಡೆ ಹೇಳಿದ್ದಾರೆ. ಸಾಬರು ದಿನಾ ಬಾಗಿಲಲ್ಲಿ ಕೂತು, ಪೆಡಲ್ ಎಂಬಂತೆ ಇಟ್ಟಂಗಿಯ ಮೇಲೆ ಎಡಗಾಲು ಇಡುವುದು, ಎತ್ತುವುದು. ಆಮೇಲೆ ತಾವೇ ಸೂಜಿ ಚುಚ್ಚಿ ನೋಡಿಕೊಳ್ಳುವುದು.

"ಈಗೀಗ ಖರೇನ ತಿಳಿಯವಲ್ದು ಅಂತಾರ್ರಿ ಅಕ್ಕಾರ."

ಎಣ್ಣೆ ಅಳೆದು ಕೊಟ್ಟೆ. ಒಂದು ಸೌಟು ಹೆಚ್ಚು ಹಾಕಿದೆ. ಅವಳು ಹರಸಿ ಹೋದಳು.

ಡಿಸೆಂಬರ್ 21, ಬೆಳಿಗ್ಗೆ 10

ಇಸ್ಮಾಯಿಲಸಾಬರೇ ಬಂದಿದ್ದಾರೆ. ಅಂಗಳದಲ್ಲಿ ಕೂತಿದ್ದಾರೆ, ನಾನು ಒಳಗೆ ಬರೆಯುತ್ತಿದ್ದೇನೆ. ನರಗುಂದದ ಒಂದು ಹತ್ತಿ ಮಿಲ್ಲಿನಲ್ಲಿ ವಾಚ್‌ಮನ್ ಕೆಲಸ ಇದೆಯಂತೆ. ಹಿಂದೆ ಎಲ್ಲಿದ್ದರು, ಏಕೆ ಬಿಟ್ಟರು ಎಂದು ಧಣಿಗಳಿಂದ ಪತ್ರ ತರಬೇಕು. ಇವರು ಊರಲ್ಲಿಲ್ಲ. ನೀವ ಬರದು ಕೊಡ್ರಿ, ನಿಮ್ಮ ಅಕ್ಷರ ಚಲೋ ಅಂದರು. ಆಮೇಲೆ ಕೈ ಜೋಡಿಸಿದರು.

"ಹೊಸಾ ಪ್ಲೇಟೂ ನಾನ ಸುಟ್ಟೆ ಅಕ್ಕಾರ. ಆವತ್ತ ಒಪ್ಪಿದ್ದಿಲ್ಲ. ಈಗ ಒಪ್ಪತೀನಿ. ತಪ್ಪಾತು."

ಇರಲಿ ಬಿಡ್ರಿ ಎಂದೆ. ಕ್ಷಮಿಸಿದೆ! ಆ ಎರಡು ಮಾತು ಎಷ್ಟು ಸಲೀಸಾಗಿ ಬಂದವು.

ಪತ್ರದ ಕರಡು ಇಲ್ಲೇ ಮಾಡಿಕೊಳ್ಳುತ್ತೇನೆ:

ಇಸ್ಮಾಯಿಲಸಾಬರು ನಮ್ಮ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ಚಾಲಕರಾಗಿದ್ದರು. ಪ್ರಾಮಾಣಿಕರು. ಒಮ್ಮೆಯೂ ಸುಳ್ಳು ಹೇಳಿದವರಲ್ಲ. ಅವರನ್ನು ಕೆಲಸದಿಂದ ಬಿಡಿಸಿದ ಕಾರಣ —